ಹೊಂಗೆ ಮರದ ಮುಂದೆ ನಿಂತವರು

“ಮರ ತರ್ರಿ ಅಂತ ಕಳಿಸಿದ್ರೆ ನಿಮ್ಮ ಮೂತಿ ತಂದಿದ್ದೀರಲ್ಲ! ಈ ಮೂತಿ ಮನೇಲೇ ಇತ್ತಲ್ಲ. ಮದುವೆ ಆದಾಗಿನಿಂದ ಬೆಳಗಾದ್ರೆ ಇದನ್ನೇ ನೋಡ್ತಿಲ್ವಾ ನಾನು? ಇದನ್ನ ತರೋಕೆ ಬಸ್ಸು ಯಾಕೆ ಬೇಕಿತ್ತು, ಕ್ಯಾಮೆರಾ ಯಾಕೆ ಬೇಕಿತ್ತು, ದಾರಿಗೆ ಅಂತ ಕಟ್ಟಿಕೊಟ್ಟ ಅಷ್ಟೊಂದು ರೊಟ್ಟಿ ಯಾಕೆ ಬೇಕಿತ್ತು?”

ನನ್ನ ಗಂಡ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಹೆಗಲಿನ ಚೀಲ ಹೆಗಲಲ್ಲೇ ಇತ್ತು, ಒಂದು ಕಾಲಿನ ಚಪ್ಪಲಿ ಮಾತ್ರ ಬಿಟ್ಟಿದ್ದರು. ಅವರು ತಂದ ಫೋಟೋ ನನ್ನ ಕೈಯಲ್ಲಿತ್ತು. ಫೋಟೋದಲ್ಲಿ ಒಂದು ಹೊಂಗೆ ಮರ. ಮರದ ಬೊಡ್ಡೆ ಇರಬೇಕಾದ ಜಾಗದಲ್ಲಿ ಕೊಡೆ ರಿಪೇರಿ ಭದ್ರಪ್ಪ, ಅಂದರೆ ನಮ್ಮ ಯಜಮಾನರು, ಬಲಗೈ ಸೊಂಟದ ಮೇಲಿಟ್ಟು, ಎಡಗಾಲನ್ನು ಒಂದು ಬೇರಿನ ಮೇಲೆ ಎತ್ತಿಟ್ಟು, ಯಾರದೋ ಕಪ್ಪು ಕನ್ನಡಕ ಹಾಕಿಕೊಂಡು, ಆ ಮರವನ್ನು ತಾವೇ ಹೆತ್ತವರ ಹಾಗೆ ನಗುತ್ತಿದ್ದರು.

“ಮರಾನೂ ಬಿದ್ದಿದೆಯಲ್ಲೇ,” ಅಂದರು.

“ಎಲ್ಲಿ?”

“ಹಿಂದೆ.”

“ನಿಮ್ಮ ಹಿಂದೆ ಏನಿದೆ ಅಂತ ಹೇಗೆ ನೋಡ್ಲಿ? ಫೋಟೋ ತಿರುಗಿಸಿ ನೋಡ್ಲಾ?” ಅಂದವಳೇ ತಿರುಗಿಸಿಯೂ ತೋರಿಸಿದೆ. ಹಿಂದೆ ಬಿಳಿ ಕಾಗದ.

ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ಬೇಗ ಬರುವುದಿಲ್ಲ, ಹೋಗುವುದೇ ಇಲ್ಲ. ಅದಕ್ಕೆ ಕಾರಣ ನನ್ನ ಕೆಲಸ. ನಮ್ಮೂರಿನ ಮಣ್ಣಲ್ಲಿ ಹುಲ್ಲುಕಡ್ಡಿಯೂ ಏಳುವುದಿಲ್ಲ. ಏಳುವುದೆಲ್ಲ ಗೋಡೆಯಲ್ಲಿ. ಹೊರಗೆ ಹೋದವರು ಗಿಡದ ಫೋಟೋ ತರುತ್ತಾರೆ, ಸುಣ್ಣ ಇನ್ನೂ ಹಸಿ ಇರುವಾಗಲೇ ಅದನ್ನು ನೋಡಿಕೊಂಡು ನಾನು ಗೋಡೆಯ ಮೇಲೆ ಬರೆಯುತ್ತೇನೆ, ಸುಣ್ಣ ಒಣಗುವಷ್ಟರಲ್ಲಿ ಎಲೆಗಳು ಉಬ್ಬಿಕೊಂಡು ಗೋಡೆ ಬಿಟ್ಟು ಏಳುತ್ತವೆ. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಕೈ ಚಾಚಿ ಗೋಡೆಯಿಂದ ಕರಿಬೇವು ಕಿತ್ತು ಹಾಕುವುದು, ಅದನ್ನು ಬರೆಸಿಕೊಂಡ ಮನೆಗಳಲ್ಲಿ ದಿನದ ಮಾತು. ಮನೆ ಬಾಡಿಗೆಗೆ ಕೇಳುವವರು ಮೊದಲು ನೀರು ಕೇಳುವುದಿಲ್ಲ, ಗೋಡೆ ಕೇಳುತ್ತಾರೆ.

ಆದರೆ ಫೋಟೋದಲ್ಲಿ ಇದ್ದದ್ದು ಮಾತ್ರ ಬರುತ್ತದೆ. ಮರುಳಪ್ಪ ಮಳೆಯಲ್ಲಿ ತೆಗೆದ ಕೆಸುವಿನ ಗಿಡ ವರ್ಷವಿಡೀ ತೊಟ್ಟಿಕ್ಕುತ್ತದೆ, ಅವನ ಮನೆಯಲ್ಲಿ ಎಲ್ಲರಿಗೂ ನೆಗಡಿ. ಅಂಗಡಿ ಗಂಗಣ್ಣ ಪಕ್ಕದಲ್ಲಿ ನಿಂತು ಬಸ್ಸಿನ ಕಿಟಕಿಯಿಂದ ತೆಗೆಸಿಕೊಂಡ ಬಾಳೆಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇದೆ, ಗೊನೆ ಬಿಟ್ಟಾಗ ಅದನ್ನು ಸರಳಿನ ಸಂದಿಯಿಂದ ಬಿಡಿಸುವುದೇ ಒಂದು ಕೆಲಸ. ಕಾಣದ್ದನ್ನು ನಾನು ಊಹೆ ಮಾಡಿ ಬರೆಯುವ ಹಾಗಿಲ್ಲ. ಹಿಂದೆ ಒಬ್ಬರ ನಿಂಬೆ ಗಿಡಕ್ಕೆ, ಪಾಪ ಬೋಳಾಗಿ ಕಾಣುತ್ತದೆ ಅಂತ ನನ್ನ ಕಡೆಯಿಂದ ಎರಡು ಎಲೆ ಸೇರಿಸಿದೆ. ಸಂಜೆಗೆಲ್ಲ ಗಿಡವೇ ಉದುರಿ ನೆಲ ಸೇರಿತು. ಇನ್ನೂ ಒಂದಿದೆ. ಬರೆಯುವವಳು ನಿಜವಾದ ಗಿಡವನ್ನು ನೋಡಬಾರದು. ನೋಡಿದರೆ ಕೈ ಫೋಟೋದ ಮಾತು ಕೇಳುವುದಿಲ್ಲ, ನೆನಪಿನ ಮಾತು ಕೇಳುತ್ತದೆ. ಹಾಗಾಗಿ ಇಡೀ ಊರಿಗೆ ಹಸಿರು ಹಂಚಿದ ಈ ಕಾಳಮ್ಮ ಮಣ್ಣಿನಲ್ಲಿ ನಿಂತ ಒಂದು ಗರಿಕೆಯನ್ನೂ ನೋಡಿದವಳಲ್ಲ.

ಇಷ್ಟು ಗೊತ್ತಿದ್ದೂ ನಮ್ಮ ಜನ ಏನು ಮಾಡುತ್ತಾರೆ? ಹೋಗಿ ಗಿಡದ ಮುಂದೆ ನಿಲ್ಲುತ್ತಾರೆ. ಒಂದು ಮನೆಗೆ ಒಂದೇ ಪ್ರಯಾಣ, ಒಂದೇ ಫೋಟೋ. ಹೊರಡುವಾಗ ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತೇನೆ: “ಅಪ್ಪಾ, ಅವ್ವಾ, ಗಿಡ ಒಂದೇ ಸಾಕು, ನಿಮ್ಮ ಮುಖ ನನಗೆ ಗೊತ್ತು.” ಹೂಂ ಅನ್ನುತ್ತಾರೆ. ಅಲ್ಲಿಗೆ ಹೋದ ಮೇಲೆ ಏನಾಗುತ್ತದೋ, ದಾರಿಯಲ್ಲಿ ಹೋಗುವವರನ್ನು ಕರೆದು ಕ್ಯಾಮೆರಾ ಕೊಟ್ಟು, ಗಿಡಕ್ಕೆ ಬೆನ್ನು ಹಾಕಿ ಹಲ್ಲು ಕಿರಿಯುತ್ತಾರೆ. ನಾನು ಗಿಡ ಬರೆದು ಅವರ ಆಕಾರವನ್ನು ಖಾಲಿ ಬಿಡುತ್ತೇನೆ. ನಮ್ಮೂರಿನ ಗೋಡೆಗಳಲ್ಲಿ ಹಸಿರಿಗಿಂತ ಹೆಚ್ಚಾಗಿ ಮನುಷ್ಯರ ತೂತುಗಳೇ ಇವೆ.

ಆ ತೂತುಗಳಿಗೆ ಸೇವೆ ಬೇರೆ ಆಗಬೇಕು. ಸಂಜೆ ಶಾಲೆಯ ಗಂಟೆ ಹೊಡೆದ ಕೂಡಲೇ ಫೋಟೋದಲ್ಲಿ ನಿಂತವರು ತಂತಮ್ಮ ಗೋಡೆಗೆ ಬಂದು, ಅದೇ ಬಟ್ಟೆಯಲ್ಲಿ, ಅದೇ ಭಂಗಿಯಲ್ಲಿ, ತಮ್ಮ ತೂತಿನಲ್ಲಿ ತಾವು ನಿಲ್ಲುತ್ತಾರೆ. ಇದಕ್ಕೆ ನಿಲ್ಲುವ ಹೊತ್ತು ಅಂತ ಹೆಸರು. ನಿಲ್ಲದಿದ್ದರೆ ಗಿಡ ಒಣಗುತ್ತದೆ. ಬೀದಿಯ ಹಿರಿಯ ತೋಂಟಪ್ಪನವರು ದಾಸವಾಳದ ಮುಂದೆ ಎರಡು ಬೆರಳು ಎತ್ತಿ ನಿಲ್ಲುತ್ತಾರೆ, ಅಷ್ಟು ವಯಸ್ಸಾದವರು. ಹಾಲಮ್ಮ ಫೋಟೋ ಹೊಡೆಯುವ ಹೊತ್ತಿಗೆ ಆಕಳಿಸಿದಳು, ಈಗ ದಿನಾ ನೊಣ ಕೂತರೂ ಬಾಯಿ ತೆರೆದುಕೊಂಡೇ ನಿಲ್ಲುತ್ತಾಳೆ. ಸಣ್ಣೀರಪ್ಪನ ಹೆಂಡತಿ ಬಸುರಿಯಾಗಿದ್ದಾಗ ನುಗ್ಗೆ ಮರಕ್ಕೆ ಒರಗಿದ್ದಳು. ಹುಟ್ಟಿದ ಮಗನಿಗೆ ಮೀಸೆ ಬಂದಿದೆ, ಇವಳು ಇನ್ನೂ ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಿಲ್ಲುತ್ತಾಳೆ. ಅವಳೂ ಸಣ್ಣೀರಪ್ಪನೂ ಮಾತು ಬಿಟ್ಟು ಬಹಳ ಕಾಲವಾಯಿತು, ಆದರೂ ಫೋಟೋದಲ್ಲಿ ಹೆಗಲ ಮೇಲೆ ಕೈ ಇತ್ತಲ್ಲ, ಅವನು ಬಂದು ಕೈ ಇಟ್ಟು, ಹೊತ್ತು ಮುಗಿದ ಮೇಲೆ ಅದೇ ಕೈ ತೊಳೆದುಕೊಂಡು ಹೋಗುತ್ತಾನೆ. ಜ್ವರ ಬಂದವರನ್ನು ಹೊತ್ತು ತಂದು ನಿಲ್ಲಿಸುತ್ತಾರೆ. ಸತ್ತರೆ, ಹೆಣ ಎತ್ತುವ ಮೊದಲೇ ಆ ಗೋಡೆಗೆ ಸುಣ್ಣ ಬಳಿದುಬಿಡುತ್ತಾರೆ, ಗಿಡ ಒಣಗುವುದನ್ನು ಮನೆಯವರು ನೋಡಬಾರದು ಅಂತ.

ನಮ್ಮ ಮನೆಯ ಅಂಗಳದ ಗೋಡೆ ಮಾತ್ರ ಬೋಳಾಗಿತ್ತು. ನಮ್ಮ ಸರದಿ ಬಂದಿರಲಿಲ್ಲ. ಹಗಲೆಲ್ಲ ಊರವರ ಗೋಡೆಯ ಮುಂದೆ ಬಿಸಿಲಲ್ಲಿ ನಿಂತು ಬಣ್ಣ ಬಳಿದು ಮನೆಗೆ ಬಂದರೆ, ಅಂಗಳದಲ್ಲಿ ಇನ್ನೊಂದು ಬಿಸಿಲು ಕಾಯುತ್ತಿರುತ್ತಿತ್ತು. ಗಂಡ ಹರಿದ ಕೊಡೆಯೊಂದನ್ನು ಬಿಚ್ಚಿಕೊಂಡು ಅದರ ಕೆಳಗೆ ಕೂತು ಇನ್ನೊಬ್ಬರ ಕೊಡೆ ಹೊಲಿಯುತ್ತಿದ್ದರು. ನನಗೆ ಆಸೆ ಇದ್ದದ್ದು ಒಂದೇ. ಒಂದು ಮರದ ನೆರಳು. ತಿನ್ನುವಂಥದ್ದು ಬೇಡ, ಮುಡಿಯುವಂಥದ್ದು ಬೇಡ. ಮಧ್ಯಾಹ್ನ ಕಾಲು ಚಾಚಿ ಕೂರುವಷ್ಟು ನೆರಳು. ಹೊಂಗೆಯ ನೆರಳು ತಣ್ಣಗಿರುತ್ತದೆ ಅಂತ ಹೋಗಿ ಬಂದವರೆಲ್ಲ ಹೇಳುತ್ತಿದ್ದರು. ಸರದಿ ಬಂದಾಗ ನಾನು ಹೋಗುವ ಹಾಗಿಲ್ಲವಾದ್ದರಿಂದ ಇವರನ್ನು ಕಳಿಸಿದೆ. ಅಂಗಳದಲ್ಲಿ ನಿಲ್ಲಿಸಿ, ಪಾಠ ಒಪ್ಪಿಸುವ ಮಕ್ಕಳ ಹಾಗೆ ಹೇಳಿಸಿದೆ: “ಬೇರಿಂದ ತುದಿಯವರೆಗೆ ಮರ. ನಾನು ಪಕ್ಕಕ್ಕೆ.” ಹೇಳಿದರು. ತಪ್ಪಿಲ್ಲದೆ ಹೇಳಿದರು.

“ಈಗ ಏನು ಮಾಡೋದು?” ಅಂದರು, ಎರಡನೆಯ ಚಪ್ಪಲಿ ಬಿಡುತ್ತಾ.

“ಏನು ಮಾಡೋದು ಅಂದ್ರೆ? ಬರೀತೀನಿ. ನೀವು ನಿಂತ್ಕೊಳ್ಳಿ. ನಿಂತ್ಕೊಳ್ಳೋ ಚಟ ಇತ್ತಲ್ಲ, ಇನ್ನು ಸಾಯೋವರೆಗೂ ನಿಂತ್ಕೊಳ್ಳಿ.”

ಬರೆದೆ. ಊರಿನ ಗೋಡೆಗಳಿಗೆಲ್ಲ ಹಾಕದ ಜೀವ ಹಾಕಿ ಬರೆದೆ. ಎಲೆಗಳಿಗೆ ಮೂರು ಬಗೆಯ ಹಸಿರು ಅರೆದೆ. ನಡುವೆ, ಸೊಂಟಕ್ಕೆ ಕೈ ಇಟ್ಟ ಗಂಡನ ಆಕಾರವನ್ನು, ಕಿವಿ ಸಹಿತ, ಖಾಲಿ ಬಿಟ್ಟೆ. ಮರ ಎದ್ದಿತು. ಕೊಂಬೆಗಳು ಗೋಡೆಯಿಂದ ಅಂಗಳದ ಅರ್ಧಕ್ಕೆ ಬಂದವು. ಮೊದಲ ಮಧ್ಯಾಹ್ನ ಅದರ ಕೆಳಗೆ ಚಾಪೆ ಹಾಸಿ ಕೂತಾಗ, ನಿಜ ಹೇಳಬೇಕೆಂದರೆ, ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದು ಎಷ್ಟು ಹೊಸದಾಗಿತ್ತೆಂದರೆ ಮೈಗೆ ಹುಷಾರಿಲ್ಲವೇನೋ ಅನ್ನಿಸಿತು. ಆಮೇಲೆ ನೋಡಿದೆ. ನೆರಳಿನ ಸರಿಮಧ್ಯದಲ್ಲಿ, ಸೊಂಟಕ್ಕೆ ಕೈ ಇಟ್ಟುಕೊಂಡ ಒಂದು ಬಿಸಿಲು ಬಿದ್ದಿತ್ತು. ಅಲ್ಲಿಯೂ ಇವರೇ. ಸರಿ, ಅಲ್ಲಿ ಹಪ್ಪಳ ಹಾಕಿದೆ. ಚೆನ್ನಾಗಿ ಒಣಗಿದವು. ಆ ಮನುಷ್ಯನಿಂದ ನೆಟ್ಟಗೆ ಆದ ಮೊದಲ ಕೆಲಸ.

ನಿಲ್ಲುವ ಹೊತ್ತಿಗೆ ಬೇಕಾದ ಏರ್ಪಾಡನ್ನೂ ನಾನೇ ಮಾಡಿದೆ. ಬೇರಿನ ಬದಲು ಎಡಗಾಲಿಗೆ ಇಟ್ಟಿಗೆ ಇಟ್ಟೆ. ಕಪ್ಪು ಕನ್ನಡಕ ಬಸ್ಸಿನ ಡ್ರೈವರನದಂತೆ, ಅದು ಅವನ ಜೊತೆ ಹೋಗಿತ್ತು. ಹಳೆಯ ಕನ್ನಡಕವೊಂದರ ಗಾಜಿಗೆ ದೀಪದ ಮಸಿ ಹಿಡಿಸಿ ಹೊಸದು ಮಾಡಿಕೊಟ್ಟೆ. ಮೊದಲ ವಾರ ಚೆನ್ನಾಗಿಯೇ ನಿಂತರು. ಆಮೇಲೆ, ಗಂಟೆ ಹೊಡೆಯುವ ಮೊದಲೇ, ಗೊಣಗುವುದು ಶುರುವಾಯಿತು.

“ಕಾಳೀ, ಎತ್ತಿಟ್ಟ ಕಾಲು ಜೋಮು ಹಿಡೀತದೆ.”

“ಫೋಟೋದಲ್ಲಿ ನಗ್ತಾ ಇದ್ರಲ್ಲ, ಆಗ ಹಿಡೀಲಿಲ್ವಾ?”

“ಆಗ ಅಷ್ಟು ಹೊತ್ತು ನಿಂತಿದ್ನೇನೆ? ಚಕ್ ಅಂತ ಹೊಡೆದರು, ಮುಗೀತು.”

“ಇಲ್ಲಿ ಚಕ್ ಅನ್ನೋದಿಲ್ಲ. ನಗ್ರಿ.”

ಸ್ವಲ್ಪ ದಿನ ಕಳೆದು ಮಂಡಿ ಊದಿಸಿಕೊಂಡರು. ನಾನು ಎಣ್ಣೆ ಕಾಯಿಸಿ ತಿಕ್ಕಿದೆ, ಇಲ್ಲ ಅನ್ನುವುದಿಲ್ಲ. ತಿಕ್ಕುತ್ತಾ ನಾಲ್ಕು ಮಾತು ಅಂದೆ, ಅದನ್ನೂ ಇಲ್ಲ ಅನ್ನುವುದಿಲ್ಲ. ಒಂದು ಸಂಜೆ ಅಂಗಳದ ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟೂಲನ್ನು ತಾವೇ ಎಳೆದು ತಂದು ತೂತಿನ ಮುಂದೆ ಇಟ್ಟುಕೊಂಡರು. ಬರೆಯುವಾಗ ನಾನು ಬಣ್ಣದ ಬಟ್ಟಲು ಇಟ್ಟುಕೊಳ್ಳುವ ಸ್ಟೂಲು ಅದು.

“ಕೂತ್ಕೊಂಡೇ ಇರ್ತೀನಿ ಕಣೆ. ಬೆನ್ನು ತೂತಲ್ಲೇ ಇರ್ತದಲ್ಲ. ಮರಕ್ಕೇನು ಗೊತ್ತಾಗ್ತದೆ?”

“ಫೋಟೋದಲ್ಲಿ ಸ್ಟೂಲು ಇದೆಯಾ?”

“ಇಲ್ಲ.”

“ಮತ್ತೆ?” ಅಂದು ಸ್ಟೂಲನ್ನು ಎತ್ತಿಕೊಂಡು ಒಳಗಿಟ್ಟು ಬಂದೆ.

ಎದುರು ಮನೆಯ ಗೋಡೆಯಲ್ಲಿ ನಿಂತಿದ್ದ ಹಾಲಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಬಾಯಿ ತೆರೆದೇ ಇತ್ತು, ಆದರೆ ಮಾತಾಡುವ ಹಾಗಿಲ್ಲ. ಹೊತ್ತು ಮುಗಿದ ಮೇಲೆ ಓಡಿ ಬಂದಳು. “ಪಾಪ ಕಣೆ ಕಾಳಕ್ಕ, ಅಣ್ಣನಿಗೆ ಸ್ಟೂಲು ಕೊಡಬಾರದಾ?” ಅಂದಳು.

“ನಾಳೆಯಿಂದ ನೀನು ಬಾಯಿ ಮುಚ್ಚಿಕೊಂಡು ನಿಲ್ತೀಯಾ?”

“ಅಯ್ಯಯ್ಯೋ, ನನ್ನ ಸಂಪಿಗೆ ಒಣಗಿ ಹೋದ್ರೆ?”

“ಹಾಗಾದ್ರೆ ಈಗಲೂ ಮುಚ್ಚು.”

ಹೀಗೆಯೇ ನಡೆಯುತ್ತಿತ್ತು. ಬೇರೆ ಮನೆಗಳಲ್ಲೂ ಹೀಗೆಯೇ ನಡೆಯುತ್ತದೆ, ಯಾರೂ ಎದ್ದು ಹೋಗುವುದಿಲ್ಲ. ಆದರೆ ನಮ್ಮ ಯಜಮಾನರಿಗೆ ಒಂದು ಸಂಜೆ ಗಂಟೆ ಹೊಡೆದರೂ ಅಂಗಳದಿಂದ ಏಳುವ ಮನಸ್ಸಾಗಲಿಲ್ಲ. ಮಡಿಚಿದ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಮಸಿ ಕನ್ನಡಕ ಹಾಕಿಕೊಂಡೇ ಕೂತಿದ್ದರು. ಬೀದಿಯುದ್ದಕ್ಕೂ ಎಲ್ಲರೂ ಆಗಲೇ ತಂತಮ್ಮ ಗೋಡೆ ಸೇರಿ ಕಲ್ಲಾಗಿದ್ದರು.

“ಏಳ್ರಿ. ಹೊತ್ತಾಯ್ತು.”

“ಸುಣ್ಣ ಬಳಿದುಬಿಡು ಕಾಳೀ.”

“ಏನಂದ್ರಿ?”

“ಈ ಗೋಡೆಗೆ ಸುಣ್ಣ ಬಳಿದುಬಿಡು. ನೆರಳಿಲ್ಲದೆ ಇಷ್ಟು ವರ್ಷ ಬದುಕಲಿಲ್ವಾ? ನಾನು ಒಳ್ಳೆ ಕೊಡೆ ಕಟ್ಟಿಕೊಡ್ತೀನಿ. ದೊಡ್ಡದು. ಇಡೀ ಅಂಗಳಕ್ಕೆ ಆಗೋ ಹಾಗೆ.”

ನನ್ನ ಮೈ ಉರಿಯಿತು. “ಕೊಡೆ ಕಟ್ಟಿಕೊಡ್ತಾರಂತೆ! ಊರಿಗೆಲ್ಲ ಮರ ಬರೆದವಳು ನಾನು, ನನಗೆ ಕೊಡೆ! ನಾನು ಕೇಳಿದ್ದು ಜೀವಮಾನದಲ್ಲಿ ಒಂದು. ಪಕ್ಕಕ್ಕೆ ನಿಂತ್ಕೊಳ್ಳಿ ಅಂದೆ. ಪಕ್ಕಕ್ಕೆ! ಅಷ್ಟೂ ಆಗಲಿಲ್ಲ ನಿಮ್ಮ ಕೈಲಿ. ಯಾಕೆ ನಿಂತ್ರಿ? ಇವತ್ತು ಹೇಳ್ಲೇಬೇಕು. ಆ ಮರದ ಮುಂದೆ ಹೋಗಿ ಯಾಕೆ ನಿಂತ್ರಿ?”

ಈ ಪ್ರಶ್ನೆಯನ್ನು ಫೋಟೋ ಬಂದ ದಿನದಿಂದ ದಿನಾ ಕೇಳಿದ್ದೇನೆ. ಅಲ್ಲಿಯವರೆಗೆ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ.

“ನೆರಳಿತ್ತು, ನಿಂತೆ,” ಅಂದರು.

“ಅಷ್ಟೇನಾ?”

“ಅಷ್ಟೆ. ನೆರಳಿಗೆ ಕಾಲಿಟ್ಟೆ, ತಣ್ಣಗಿತ್ತು. ಅಂಗಾಲಿನಿಂದ ಮೇಲಕ್ಕೆ ಬಂತು ತಣ್ಣಗೆ. ನೀನು ಹೇಳಿ ಕಳಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. ನೀನೂ ಬರಲಿಲ್ಲ. ಯಾರೋ ಒಬ್ಬ ಬಂದು, ಕ್ಯಾಮೆರಾ ಕೊಡಿ, ನಿಮ್ಮದೊಂದು ತೆಗೀತೀನಿ ಅಂದ. ಡ್ರೈವರು ಕನ್ನಡಕ ಹಾಕಿದ. ನಾನು ನಕ್ಕೆ. ನಗಬೇಕು ಅಂತ ನಗಲಿಲ್ಲ ಕಾಳೀ, ನಗು ಬಂತು.”

ನಾನು ಏನೋ ಅನ್ನಬೇಕೆಂದು ಬಾಯಿ ತೆಗೆದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಏನು ಅಂತ ಊರಿಗೇ ಗೊತ್ತು. “ಹಾಗಾದ್ರೆ ಅಲ್ಲೇ ಹೋಗಿ ನಿಂತ್ಕೊಳ್ಳಿ!” ಅಂದೆ.

ಅವರು ಎದ್ದರು. ಗೋಡೆಗೆ ಹೋಗುತ್ತಾರೆ ಅಂದುಕೊಂಡೆ. ಗೋಡೆಯ ಹತ್ತಿರ ಹೋದರು ಕೂಡ, ಒಂದು ಗಳಿಗೆ ಆ ತೂತನ್ನು ಮೇಲಿಂದ ಕೆಳಗೆ ನೋಡಿದರು, ಅಳತೆಗೆ ಕೊಟ್ಟ ಅಂಗಿ ಹೇಗೆ ಬಂದಿದೆ ಅಂತ ನೋಡುವವರ ಹಾಗೆ. ಆಮೇಲೆ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಗಳ ದಾಟಿದರು.

“ಕನ್ನಡಕ! ಕನ್ನಡಕ ಇಟ್ಟು ಹೋಗ್ರಿ!” ಅಂತ ಕೂಗಿದೆ. ಅದು ನಾನು ಮಾಡಿದ ಕನ್ನಡಕ.

ತಿರುಗಿ ಬಂದರು, ಕನ್ನಡಕ ತೆಗೆದು ಮಡಚಿ ಇಟ್ಟಿಗೆಯ ಮೇಲೆ ಇಟ್ಟರು. ಕಣ್ಣ ಸುತ್ತ ಮಸಿ ಹತ್ತಿತ್ತು. ಮತ್ತೆ ಹೋದರು.

ಅದು ನಿಲ್ಲುವ ಹೊತ್ತು. ಇಡೀ ಬೀದಿ ಎರಡೂ ಕಡೆಯ ಗೋಡೆಗೆ ಅಂಟಿಕೊಂಡು ನಿಂತಿತ್ತು. ನಡುವೆ ನಮ್ಮವರೊಬ್ಬರೇ ಊದಿದ ಮಂಡಿಯನ್ನು ಎಳೆದುಕೊಂಡು ನಡೆದರು. ಸಣ್ಣೀರಪ್ಪ ಹೆಂಡತಿಯ ಹೆಗಲಿನಿಂದ ಕೈ ತೆಗೆಯಲಿಲ್ಲ. ಗಂಗಣ್ಣ ಬಾಳೆಯ ಪಕ್ಕದಿಂದ ಕಣ್ಣುಗುಡ್ಡೆ ಮಾತ್ರ ಹೊರಳಿಸಿದ. ತೋಂಟಪ್ಪನವರು ಎರಡು ಬೆರಳು ಎತ್ತಿಕೊಂಡೇ ಇದ್ದರು, ನೋಡಿದವರಿಗೆ ಇವರೇ ಆಶೀರ್ವಾದ ಮಾಡಿ ಕಳಿಸಿದ ಹಾಗೆ. ಹಾಲಮ್ಮನ ಬಾಯಿ ಯಾವತ್ತಿಗಿಂತ ಅಗಲವಾಗಿತ್ತು. ಒಬ್ಬರಾದರೂ, ಭದ್ರಪ್ಪಾ ಎಲ್ಲಿಗೆ, ಅಂತ ಕೇಳಬೇಕಲ್ಲ. ಕೇಳಿದರೆ ಅವರವರ ಗಿಡ ಒಣಗಿಬಿಡುತ್ತದಲ್ಲ. ನಾನೊಬ್ಬಳೇ ಬಿಡುವಾಗಿದ್ದವಳು, ಓಡಿ ಹೋಗಿ ಹಿಡಿಯಬಹುದಿತ್ತು. ಮರಕ್ಕೆ ನಿಲ್ಲುವವರು ಹೋದರಲ್ಲ ಅಂತ ಮರವನ್ನೇ ನೋಡುತ್ತಾ ನಿಂತೆ. ಎಲೆ ಈಗ ಬಾಡುತ್ತದೆ, ಈಗ ಬಾಡುತ್ತದೆ ಅಂತ. ತಲೆ ಎತ್ತಿದಾಗ ಬೀದಿಯ ಕೊನೆಯಲ್ಲಿ ಬಸ್ಸಿನ ಧೂಳಿತ್ತು.

ಹೊತ್ತು ಮುಗಿದ ಕೂಡಲೇ ಎಲ್ಲರಿಗೂ ಕೈಕಾಲು ಬಂದವು, ಬಾಯಿಯೂ ಬಂದಿತು. ತೋಂಟಪ್ಪನವರು ಸುಣ್ಣದ ಬಕೆಟ್ ಹಿಡಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು. “ಬಿಡಮ್ಮ, ಒಣಗೋದನ್ನ ಕಣ್ಣಾರೆ ನೋಡಬಾರದು. ಬಳಿದುಬಿಡೋಣ,” ಅಂದರು.

“ನನ್ನ ಗೋಡೆಗೆ ಕೈ ಹಚ್ಚಿದ್ರೆ ಆ ಬಕೆಟ್ ನಿಮ್ಮ ತಲೆ ಮೇಲೆ ಇರ್ತದೆ,” ಅಂದೆ. ಹಿರಿಯರು, ಹಾಗೆ ಅನ್ನಬಾರದಿತ್ತು. ಅಂದೆ.

ಮರ ಒಣಗಲಿಲ್ಲ. ಮಾರನೆಯ ದಿನವೂ ಒಣಗಲಿಲ್ಲ, ಆ ವಾರವೂ ಒಣಗಲಿಲ್ಲ. ಒಂದು ಎಲೆಯ ಅಂಚು ಕೂಡ ಹಳದಿಯಾಗಲಿಲ್ಲ. ಚಿಗುರು ಬಿಟ್ಟಿತು, ಸಾಲದ್ದಕ್ಕೆ ಹೂವನ್ನೂ ಬಿಟ್ಟಿತು. ನಿಲ್ಲುವವರಿಲ್ಲದ ತೂತು ತೂತಾಗಿಯೇ ಇತ್ತು, ಸುತ್ತ ಹೊಂಗೆ ತನ್ನ ಪಾಡಿಗೆ ತಾನು ಹಸಿರಾಗಿತ್ತು. ಜನ ಗುಂಪು ಕಟ್ಟಿಕೊಂಡು ಬಂದು ನೋಡಿದರು. ಎಲೆ ಮುಟ್ಟಿದರು, ಮೂಸಿದರು. ಸಣ್ಣೀರಪ್ಪನ ಹೆಂಡತಿ ಕಂಕುಳಲ್ಲಿದ್ದ ದಿಂಬನ್ನು ಒಮ್ಮೆ ನೋಡಿಕೊಂಡಳು. ಸಣ್ಣೀರಪ್ಪ ತನ್ನ ಕೈ ನೋಡಿಕೊಂಡ.

“ಅಂದ್ರೆ,” ಅಂತ ಹಾಲಮ್ಮ ಶುರು ಮಾಡಿದಳು, “ಇಷ್ಟು ವರ್ಷ ನಾನು ಬಾಯಿ ತೆಗೆದುಕೊಂಡು...”

ತೋಂಟಪ್ಪನವರು ಅವಳಿಗೆ ಮಾತು ಮುಗಿಸಲು ಬಿಡಲಿಲ್ಲ. ಗಂಟಲು ಸರಿ ಮಾಡಿಕೊಂಡು, “ಇದರಲ್ಲಿ ಆಶ್ಚರ್ಯ ಏನಿದೆ? ಭದ್ರಪ್ಪ ಆ ಮರದ ಹತ್ತಿರಾನೇ ಹೋಗಿದ್ದಾನೆ. ದಿನಾ ಸಂಜೆ ಅಲ್ಲೇ, ಮೂಲದ ಮರದ ಮುಂದೇನೇ ನಿಲ್ತಾ ಇದ್ದಾನೆ. ಅದಕ್ಕೇ ಇದು ಹಸಿರಾಗಿದೆ,” ಅಂದರು.

ಎಲ್ಲರೂ ಹೌದು ಹೌದು ಅಂದರು. ಅಷ್ಟು ಬೇಗ ನಮ್ಮೂರಲ್ಲಿ ಯಾವ ಮಾತಿಗೂ ಒಪ್ಪಿಗೆ ಸಿಕ್ಕಿದ್ದಿಲ್ಲ. ಎಂಥ ನಿಷ್ಠೆ ನೋಡು ಅಂದರು, ಅಷ್ಟು ದೂರ ಹೋದರೂ ಹೆಂಡತಿಯ ಮರ ಬಿಡಲಿಲ್ಲ ನೋಡು ಅಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹಾಲಮ್ಮ ಓಡಿ ಹೋಗಿ ಬಾಯಿ ತೆರೆದು ನಿಂತಳು. ಸಣ್ಣೀರಪ್ಪನ ಹೆಂಡತಿ ದಾರಿಯಲ್ಲೇ ದಿಂಬು ಕಟ್ಟಿಕೊಂಡಳು.

ನಾನು ಅವರ ಮಾತನ್ನು ನಂಬುವವಳಲ್ಲ. ಮೂರ್ಖರ ಮಾತು. ಆದರೆ ಬೆಳಗ್ಗೆ ಎದ್ದ ಕೂಡಲೇ ಕಣ್ಣು ಗೋಡೆಗೆ ಹೋಗುತ್ತದೆ. ಎಲೆ ಹಸಿರಾಗಿರುತ್ತದೆ. ಓಹೋ, ನಿನ್ನೆಯೂ ನಿಂತಿದ್ದಾರೆ ಅಂದುಕೊಳ್ಳುತ್ತೇನೆ. ನಿಲ್ಲಲಿ. ಇಲ್ಲಿ ಗೋಡೆಯ ಮುಂದೆ ನಿಂತರೆ ಜೋಮು ಹಿಡಿಯುವ ಕಾಲು, ಅಲ್ಲಿ ಬೇರಿನ ಮೇಲೆ ಹೇಗೆ ನಿಲ್ಲುತ್ತದೋ. ಎಣ್ಣೆ ಯಾರು ತಿಕ್ಕುತ್ತಾರೋ. ಒಂದು ದಿನ ಎರಡು ಎಲೆ ಉದುರಿದ್ದವು. ಅವತ್ತು ನಾನು ಯಾರ ಗೋಡೆಯ ಕೆಲಸಕ್ಕೂ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಮರುಳಪ್ಪನ ಆಡು ಬಂದು ಎಳೆದಿತ್ತು. ಆಡಿಗೂ ಮರುಳಪ್ಪನಿಗೂ ಸೇರಿಸಿ ಬೈದು ಬಂದೆ.

ಮಧ್ಯಾಹ್ನ ನೆರಳಲ್ಲಿ ಕೂರುತ್ತೇನೆ. ತಣ್ಣಗಿದೆ, ಅವರು ಹೇಳಿದ್ದು ಸುಳ್ಳಲ್ಲ. ನಡುವಿನ ಬಿಸಿಲಿಗೆ ಈಗ ಹಪ್ಪಳ ಹಾಕುವುದಿಲ್ಲ, ಒಬ್ಬಳಿಗೆ ಎಷ್ಟು ಹಪ್ಪಳ ಬೇಕು. ಸ್ಟೂಲನ್ನು ಒಳಗಿನಿಂದ ತಂದು ಆ ತೂತಿನ ಮುಂದೆ ಇಟ್ಟಿದ್ದೇನೆ. ಹಾಲಮ್ಮ ನೋಡಿ ನಕ್ಕಳು. ಬಣ್ಣದ ಬಟ್ಟಲು ಇಡುವುದಕ್ಕೆ ಅಂತ ಹೇಳಿದೆ.